ಮಂಡಿ ಗಾಡಿಯ ಅಚ್ಚಲ್ಲ

ನಮ್ಮ ದೊಡ್ಡಮ್ಮನಿಗೆ ಎಪ್ಪತ್ತೆರಡು ತುಂಬಿದೆ. ಹೋದ ಶ್ರಾವಣದಲ್ಲಿ ಮಂಡಿಯ ಎಕ್ಸ್‌ರೇ ತೆಗೆಸಿಕೊಂಡು ಬಂದವರು ಆ ಕರಿಹಾಳೆಯನ್ನು ಅಡುಗೆಮನೆಯ ಕಿಟಕಿಗೆ ಹಿಡಿದು ನನ್ನನ್ನು ಕರೆದರು. "ನೋಡೋ, ಈ ಕಡೆ ಗ್ಯಾಪೇ ಇಲ್ವಂತೆ. ಸವೆದುಹೋಗಿದೆಯಂತೆ. ವಯಸ್ಸಾಯ್ತಲ್ಲಮ್ಮಾ ಅಂದ್ರು ಡಾಕ್ಟ್ರು."

ಅವರು ಹುಟ್ಟಿ ಬೆಳೆದದ್ದು ಎತ್ತಿನ ಗಾಡಿಯಿದ್ದ ಮನೆಯಲ್ಲಿ. ಗಾಡಿ ಓಡಿದಷ್ಟೂ ಅಚ್ಚು ಸವೆಯುತ್ತದೆ, ಕೀಲೆಣ್ಣೆ ಹಾಕದಿದ್ದರೆ ಇನ್ನೂ ಬೇಗ ಸವೆಯುತ್ತದೆ ಎಂಬುದು ಅವರಿಗೆ ಯಾರೂ ಹೇಳಿಕೊಡಬೇಕಾದ ಸಂಗತಿಯಲ್ಲ. ಹಾಗಾಗಿ ಡಾಕ್ಟರು ಹೇಳದೇ ಬಿಟ್ಟದ್ದನ್ನು ತಾವೇ ಪೂರ್ತಿಮಾಡಿಕೊಂಡರು. ಅಂದಿನಿಂದ ಹೆಜ್ಜೆಗಳನ್ನು ಚಿಲ್ಲರೆ ಕಾಸಿನಂತೆ ಎಣಿಸಿ ಖರ್ಚು ಮಾಡತೊಡಗಿದರು. ದಿನಾ ನಡೆದು ಹೋಗುತ್ತಿದ್ದ ಆಂಜನೇಯನ ಗುಡಿಗೆ ಶನಿವಾರ ಮಾತ್ರ, ಅದೂ ಆಟೋದಲ್ಲಿ. ಮಹಡಿಯ ಮೇಲೆ ಹಪ್ಪಳ ಒಣಹಾಕುವುದು ನಿಂತಿತು. ನಾಲ್ಕು ತಿಂಗಳಲ್ಲಿ ತೂಕ ಏರಿತು, ತೊಡೆ ಸೊರಗಿತು, ನೋವು ಹೆಚ್ಚಾಯಿತು. "ಹೇಳಿದ್ನಲ್ಲ, ಸವೀತಾ ಇದೆ" ಎಂದರು.

ಆ "ಸವೆತ" ಎಂಬ ಒಂದು ಮಾತು ಎಷ್ಟು ಕೆಲಸ ಕೆಡಿಸುತ್ತದೆ ಎಂದು ನನಗೆ ಸಿಟ್ಟು ಬಂದದ್ದು ಆಗಲೇ. ಮಾತು ಪೂರ್ತಿ ಸುಳ್ಳೇನಲ್ಲ, ಅರ್ಧ ನಿಜ. ಕಷ್ಟವಿರುವುದೂ ಅಲ್ಲಿಯೇ.

ಮೊದಲಿಗೆ ಆ ಎಕ್ಸ್‌ರೇಯನ್ನೇ ನೋಡೋಣ. ಸವೆದಿದೆ ಎನ್ನಲಾದ ವಸ್ತು ಅದರಲ್ಲಿ ಕಾಣುವುದೇ ಇಲ್ಲ. ಎಕ್ಸ್‌ರೇಗೆ ಸಿಗುವುದು ಸುಣ್ಣ ತುಂಬಿದ ಎಲುಬು ಮಾತ್ರ. ತೊಡೆಯೆಲುಬಿನ ತುದಿ, ಮೊಣಕಾಲಿನ ಕೆಳಗಿನ ಎಲುಬಿನ ತಲೆ, ಇವೆರಡರ ನಡುವೆ ಕಪ್ಪಗೆ ಖಾಲಿಯಂತೆ ತೋರುವ ಗೆರೆ ಖಾಲಿಯಲ್ಲ. ಮೃದ್ವಸ್ಥಿ, ಅಂದರೆ ನಾವೆಲ್ಲ ಕಾರ್ಟಿಲೇಜ್ ಎನ್ನುವುದು, ಅಲ್ಲೇ ಕೂತಿದೆ. ನಾಟಿಕೋಳಿಯ ಕಾಲನ್ನು ಚೀಪಿದವರಿಗೆ ಇದು ಗೊತ್ತಿರುತ್ತದೆ. ಎಲುಬಿನ ತುದಿಗೆ ನೀಲಿ ಮಿಶ್ರಿತ ಬಿಳಿಯ, ಒದ್ದೆ ಗಾಜಿನಂತೆ ಹೊಳೆಯುವ ಒಂದು ಟೊಪ್ಪಿಗೆ ಇರುತ್ತದಲ್ಲ, ಹಲ್ಲಿಗೆ ಕರುಕರು ಎನ್ನುವುದು, ಅದೇ. ನಮ್ಮ ಮಂಡಿಯಲ್ಲಿ ಅದರ ದಪ್ಪ ಸುಮಾರು 2ರಿಂದ 4 ಮಿಲಿಮೀಟರ್. ಸಮತಟ್ಟು ನೆಲದಲ್ಲಿ ಸುಮ್ಮನೆ ನಡೆಯುವಾಗಲೂ ದೇಹದ ತೂಕದ ಎರಡು ಮೂರು ಪಟ್ಟು ಭಾರ ಅದರ ಮೇಲೆ ಬೀಳುತ್ತದೆ. ಆದರೂ ಮಂಜುಗಡ್ಡೆಯ ಮೇಲೆ ಮಂಜುಗಡ್ಡೆ ಜಾರುವುದಕ್ಕಿಂತ ಸಲೀಸಾಗಿ ಒಂದರ ಮೇಲೊಂದು ಜಾರುತ್ತದೆ.

ಇದರೊಳಗೆ ರಕ್ತನಾಳವಿಲ್ಲ, ನರವಿಲ್ಲ. ಜೀವಕೋಶಗಳೂ ಬಲು ವಿರಳ, ಒಟ್ಟು ಗಾತ್ರದಲ್ಲಿ ನೂರಕ್ಕೆ ಐದು ಪಾಲೂ ದಾಟುವುದಿಲ್ಲ. ದೊಡ್ಡ ವಠಾರದಲ್ಲಿ ದೂರದೂರ ಒಬ್ಬೊಬ್ಬರೇ ಬಾಡಿಗೆಗಿದ್ದಂತೆ ತಂತಮ್ಮ ಗೂಡಿನಲ್ಲಿ ಅವು ಒಂಟಿಯಾಗಿ ಬಾಳುತ್ತವೆ. ಮಿಕ್ಕದ್ದರಲ್ಲಿ ಬಹುಪಾಲು ನೀರು. ಅಷ್ಟು ನೀರಾಗಿರುವ ವಸ್ತು ಭಾರ ಹೊರುವುದು ಹೇಗೆ ಎಂದು ತಿಳಿಯಲು ಹತ್ತಿ ಹಾಸಿಗೆ ಹೊಲಿಯುವವರನ್ನು ನೆನೆಯಬೇಕು. ಗಟ್ಟಿ ಬಟ್ಟೆಯ ಚೀಲದಲ್ಲಿ ಹತ್ತಿಯನ್ನು ಒತ್ತಿ ತುಂಬಿ, ಅಲ್ಲಲ್ಲಿ ದಾರ ಹಾಯಿಸಿ ಬಿಗಿಯುತ್ತಾರೆ. ಹತ್ತಿ ಉಬ್ಬಲು ನೋಡುತ್ತದೆ, ಬಟ್ಟೆ ಬಿಡುವುದಿಲ್ಲ. ಈ ಜಗ್ಗಾಟದಿಂದಲೇ ಹಾಸಿಗೆಗೆ ಪುಟಿಯುವ ಗುಣ. ಮೃದ್ವಸ್ಥಿಯಲ್ಲಿ ಬಟ್ಟೆಯ ಕೆಲಸ ಕೊಲ್ಲಾಜೆನ್ ಎಂಬ ಎಳೆಗಳದು, ಹತ್ತಿಯ ಕೆಲಸ ಅಗ್ರಿಕಾನ್ ಎಂಬ ಅಣುಗಳದು. ಬಾಟಲಿ ತೊಳೆಯುವ ಬ್ರಷ್ಷಿನ ಆಕಾರದ ಈ ಅಗ್ರಿಕಾನ್ ನೀರನ್ನು ಹೀರಿ ಹಿಡಿದುಕೊಂಡು ಸದಾ ಉಬ್ಬಲು ಹವಣಿಸುತ್ತಿರುತ್ತದೆ.

ವಯಸ್ಸು ಏನು ಮಾಡುತ್ತದೆ ಎಂಬ ಕಥೆ ಶುರುವಾಗುವುದು ಈ ಬಟ್ಟೆಯಿಂದ. ಮೃದ್ವಸ್ಥಿ ಒಮ್ಮೆ ಹಾಳಾದರೆ ಮತ್ತೆ ಕೂಡಿಕೊಳ್ಳದು ಎಂಬುದು ವೈದ್ಯರಿಗೆ ಹಳೆಯ ಸುದ್ದಿ. ವಿಲಿಯಂ ಹಂಟರ್ 1743ರಲ್ಲೇ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಬರೆದಿದ್ದ. ಯಾಕೆ ಕೂಡಿಕೊಳ್ಳದು ಎಂಬುದಕ್ಕೆ ಸೊಗಸಾದ ಪುರಾವೆ ಸಿಕ್ಕಿದ್ದು 2016ರಲ್ಲಿ, ಅದೂ ಅಣುಬಾಂಬಿನ ಕೃಪೆಯಿಂದ. 1950ರ ದಶಕದಿಂದ 1963ರ ಒಪ್ಪಂದದವರೆಗೆ ಅಮೆರಿಕ, ಸೋವಿಯತ್ ಒಕ್ಕೂಟಗಳು ಬಯಲಲ್ಲಿ ಬಾಂಬು ಸಿಡಿಸಿ ಪರೀಕ್ಷಿಸಿದ್ದರಿಂದ ಗಾಳಿಯಲ್ಲಿ ಕಾರ್ಬನ್-14 ಏಕಾಏಕಿ ಏರಿ, ಆಮೇಲೆ ಮೆಲ್ಲಮೆಲ್ಲನೆ ಇಳಿಯಿತು. ಗಾಳಿಯಿಂದ ಗಿಡಕ್ಕೆ, ಗಿಡದಿಂದ ನಮ್ಮೊಳಕ್ಕೆ. ದೇಹದ ಯಾವುದೇ ಭಾಗದಲ್ಲಿ ಈ ಇಂಗಾಲವನ್ನು ಅಳೆದರೆ ಅದು ಯಾವ ವರ್ಷದ ಊಟದಿಂದ ಕಟ್ಟಿದ್ದು ಎಂದು ಹೇಳಬಹುದು. ಕೋಪನ್‌ಹೇಗನ್ನಿನ ಸಂಶೋಧಕರು ಬೇರೆ ಬೇರೆ ಕಾಲದಲ್ಲಿ ಹುಟ್ಟಿದವರ ಮಂಡಿಯ ಮೃದ್ವಸ್ಥಿಯನ್ನು ಹೀಗೆ ಅಳೆದು ನೋಡಿದರು. ಬೆಳೆಯುವ ವಯಸ್ಸಿನಲ್ಲಿ ನೇಯ್ದ ಕೊಲ್ಲಾಜೆನ್ ಆಮೇಲೆ ಬದಲಾಗುವುದೇ ಇಲ್ಲವೆನ್ನುವಷ್ಟು ಕಡಿಮೆ. ಆರೋಗ್ಯವಂತ ಮಂಡಿಯಲ್ಲೂ ಹಾಗೇ, ಆಸ್ಟಿಯೋಆರ್ಥ್ರೈಟಿಸ್, ಅಂದರೆ ಡಾಕ್ಟರು ಸವೆತ ಎನ್ನುವ ಕಾಯಿಲೆ, ಆದ ಮಂಡಿಯಲ್ಲೂ ಹಾಗೇ.

ಎಂದರೆ, ನಮ್ಮ ದೊಡ್ಡಮ್ಮನ ಮಂಡಿಯಲ್ಲಿ ಈಗ ಇರುವ ಕೊಲ್ಲಾಜೆನ್ 1960ರ ದಶಕದಲ್ಲಿ ಅವರು ಉಂಡ ರಾಗಿಮುದ್ದೆಯದು. ಆ ರಾಗಿಯಲ್ಲಿ ಎಲ್ಲೋ ದೂರದ ಮರುಭೂಮಿಯಲ್ಲೋ ದ್ವೀಪದಲ್ಲೋ ಸಿಡಿದ ಬಾಂಬಿನ ಇಂಗಾಲವೂ ಇತ್ತು. ಇದನ್ನು ಹೇಳಿದಾಗ ಅವರು ಮಂಡಿಯನ್ನು ಒಮ್ಮೆ ತಟ್ಟಿ ನೋಡಿಕೊಂಡು, "ಆಗಿನ ರಾಗಿ ಈಗೆಲ್ಲಿ ಸಿಗುತ್ತೆ ಬಿಡು" ಎಂದರು.

ಬದಲಾಗದೆ ಉಳಿಯುವುದೆಂದರೆ ಹಳತಾಗುವುದು. ಹಾಲು ಕಾಯಿಸಿ ಕಾಯಿಸಿ ಖೋವಾ ಮಾಡುವಾಗ ಬಣ್ಣ ಕೆನೆಯಿಂದ ಕಂದಿಗೆ ತಿರುಗುವುದು, ಕಾವಲಿಯ ಮೇಲಿನ ದೋಸೆ ಕೆಂಪಗಾಗುವುದು, ಇವೆಲ್ಲ ಸಕ್ಕರೆಯೂ ಪ್ರೋಟೀನೂ ಕಾವಿಗೆ ಬೆಸೆದುಕೊಳ್ಳುವ ಕ್ರಿಯೆ. ಫ್ರಾನ್ಸಿನ ಲೂಯಿ ಕ್ಯಾಮಿಲ್ ಮೇಯಾರ್ 1912ರಲ್ಲಿ ಇದನ್ನು ವಿವರಿಸಿದ್ದರಿಂದ ಅದಕ್ಕೆ ಅವನದೇ ಹೆಸರು. ನಮ್ಮ ಮೈಯಲ್ಲೂ ಅದೇ ಅಡುಗೆ ನಡೆಯುತ್ತಿದೆ, 37 ಡಿಗ್ರಿಯ ಸಣ್ಣ ಉರಿಯಲ್ಲಿ, ದಶಕಗಟ್ಟಲೆ. ಚರ್ಮದ ಕೊಲ್ಲಾಜೆನ್ ಒಂದಿಷ್ಟು ವರ್ಷಕ್ಕೆ ಹೊಸದಾಗುವುದರಿಂದ ಅಲ್ಲಿ ಅಷ್ಟಾಗಿ ಸೇರಿಕೊಳ್ಳುವುದಿಲ್ಲ. ಮೃದ್ವಸ್ಥಿಯಲ್ಲಿ ಸೇರುತ್ತಲೇ ಹೋಗುತ್ತದೆ. ಎಳೆಮಕ್ಕಳಲ್ಲಿ ನೀಲಿಬಿಳುಪಾಗಿದ್ದದ್ದು ಮುಪ್ಪಿನಲ್ಲಿ ಹಳದಿಗೆ ತಿರುಗಿರುತ್ತದೆ. ಎಳೆ ಎಳೆಗೆ ಬೇಡದ ಕಡೆಯಲ್ಲೆಲ್ಲ ಗಂಟು ಬಿದ್ದು ಬಟ್ಟೆ ಪೆಡಸಾಗುತ್ತದೆ. ಮೇಜಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಬ್ಬರ್ ಬ್ಯಾಂಡನ್ನು ಎಳೆದು ನೋಡಿ, ಗೊತ್ತಾಗುತ್ತದೆ.

ಹತ್ತಿಯೂ ಮೊದಲಿನಂತಿರುವುದಿಲ್ಲ. ಅಗ್ರಿಕಾನ್ ಅಣುಗಳು ಮೊಟಕಾಗುತ್ತವೆ, ಹಿಡಿದಿಡುವ ನೀರು ಕಡಿಮೆಯಾಗುತ್ತದೆ. ಗೂಡಿನಲ್ಲಿನ ಜೀವಕೋಶಗಳಿಗೂ ದಣಿವು. ರಿಪೇರಿ ಮಾಡು ಎಂದು ದೇಹ ಕಳಿಸುವ ಸಂದೇಶ ಅವಕ್ಕೆ ಸರಿಯಾಗಿ ಕೇಳಿಸದು. ಕೆಲವು ಸಾಯುತ್ತವೆ. ಇನ್ನು ಕೆಲವು ಸಾಯದೆ, ದುಡಿಯದೆ, ಕೂತಲ್ಲೇ ಕೂತು ಸುತ್ತಲಿನವರ ಮನಸ್ಸು ಕೆಡಿಸುವ ಮುದಿ ಯಜಮಾನರಂತೆ ಉರಿಯೂತದ ರಾಸಾಯನಿಕಗಳನ್ನು ಉಗುಳುತ್ತಿರುತ್ತವೆ. ಈ ಹಠಮಾರಿ ಕೋಶಗಳನ್ನು ಆಯ್ದು ಕೊಂದರೆ ಮಂಡಿ ನೆಟ್ಟಗಾದೀತೆಂದು ಅಮೆರಿಕದಲ್ಲೊಂದು ಔಷಧಿ ಬಂತು. ಇಲಿಗಳಲ್ಲಿ ಆಸೆ ಹುಟ್ಟಿಸಿತ್ತು. 2020ರಲ್ಲಿ ಮನುಷ್ಯರ ಮಂಡಿಗೆ ಚುಚ್ಚಿ ನೋಡಿದಾಗ, ಬರಿಯ ನೀರಿನ ಇಂಜೆಕ್ಷನ್ನಿಗಿಂತ ಹೆಚ್ಚೇನೂ ಫಲ ಕಾಣಲಿಲ್ಲ.

ಇಷ್ಟು ಹೇಳಿದ ಮೇಲೆ "ಹಾಗಾದರೆ ಡಾಕ್ಟರು ಹೇಳಿದ್ದು ಸರಿಯೇ ಆಯ್ತಲ್ಲ, ವಯಸ್ಸೇ ಕಾಯಿಲೆ" ಎನ್ನಬಹುದು. ಅಲ್ಲ. ಮೇಲೆ ಹೇಳಿದ ಬದಲಾವಣೆಗಳೆಲ್ಲ ಬಾಳಿ ಬದುಕಿದ ಪ್ರತಿಯೊಬ್ಬರ ಮಂಡಿಯಲ್ಲೂ ಆಗುತ್ತವೆ. ಆಸ್ಟಿಯೋಆರ್ಥ್ರೈಟಿಸ್ ಎಲ್ಲರಿಗೂ ಆಗುವುದಿಲ್ಲ. ಅಮೆರಿಕದ ಫ್ರೇಮಿಂಗ್‌ಹ್ಯಾಂ ಎಂಬ ಊರಿನ ಹಿರಿಯರ ಮಂಡಿಗಳನ್ನು ಎಕ್ಸ್‌ರೇ ತೆಗೆದು 1987ರಲ್ಲಿ ಲೆಕ್ಕ ಕೊಟ್ಟರು. ಎಪ್ಪತ್ತರ ಒಳಗಿನ ಹಿರಿಯರಲ್ಲಿ ನೂರಕ್ಕೆ 27 ಮಂದಿಗೆ, ಎಂಬತ್ತು ದಾಟಿದವರಲ್ಲಿ 44 ಮಂದಿಗೆ ಕಾಯಿಲೆಯ ಗುರುತಿತ್ತು. ವಯಸ್ಸಿನೊಂದಿಗೆ ಏರುತ್ತದೆ, ನಿಜ. ಆದರೆ ಎಂಬತ್ತು ದಾಟಿದ ಮೇಲೂ ಅರ್ಧಕ್ಕಿಂತ ಹೆಚ್ಚು ಜನ ಅದರಿಂದ ಪಾರಾಗಿದ್ದರು ಎಂಬುದನ್ನೂ ಅದೇ ಲೆಕ್ಕ ಹೇಳುತ್ತದಲ್ಲ. ನಾವು ಅದನ್ನು ಓದುವುದಿಲ್ಲ.

ದೊಡ್ಡಮ್ಮನ ಕಾಲಿನಲ್ಲೇ ಇನ್ನೊಂದು ಸಾಕ್ಷಿ ಇದೆ. ಗೆಜ್ಜೆ ಕೂರುವ ಜಾಗದ ಕೀಲು, ಪಾದದ ಗಿಣ್ಣು. ಮಂಡಿಯಷ್ಟೇ ವಯಸ್ಸು, ಹೊರುವ ಭಾರವೂ ಕಮ್ಮಿಯಲ್ಲ, ಮೃದ್ವಸ್ಥಿಯ ದಪ್ಪ ನೋಡಿದರೆ ಮಂಡಿಗಿಂತ ತೆಳು. ಸವೆಯುವುದೇ ಆಗಿದ್ದರೆ ಮೊದಲು ಇದು ಸವೆಯಬೇಕಿತ್ತು. ಆದರೆ ಉಳುಕೋ ಮುರಿತವೋ ಆಗದ ಗಿಣ್ಣಿಗೆ ಆಸ್ಟಿಯೋಆರ್ಥ್ರೈಟಿಸ್ ತಗಲುವುದು ಅಪರೂಪ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರೋಟೀನುಗಳ ವಯಸ್ಸು ಪತ್ತೆ ಮಾಡಿ ನೋಡಿದಾಗ ಗಿಣ್ಣಿನ ಮೃದ್ವಸ್ಥಿಯ ಪ್ರೋಟೀನುಗಳು ಎಳೆಯವು, ಮಂಡಿಯವು ನಡುವಯಸ್ಸಿನವು, ಸೊಂಟದ ಕೀಲಿನವು ಮುದಿಯವು ಎಂದು ಕಂಡಿತು. ಕೊಲ್ಲಾಜೆನ್ ಬದಲಾಗದಿದ್ದರೂ ಅದರ ಸುತ್ತಲಿನ ಸಾಮಾನು ಸರಂಜಾಮು ಕೆಳಗಿನ ಕೀಲುಗಳಲ್ಲಿ ಇನ್ನೂ ಹೊಸದಾಗುತ್ತಿರುತ್ತದೆ. ಕಳೆದುಹೋದ ಕಾಲನ್ನು ಮತ್ತೆ ಬೆಳೆಸಿಕೊಳ್ಳುವ ಸಾಲಮ್ಯಾಂಡರ್ ಎಂಬ ಪ್ರಾಣಿ ಆ ಕೆಲಸಕ್ಕೆ ಬಳಸುವ ಸೂಕ್ಷ್ಮ ಆರ್‌ಎನ್‌ಎಗಳೇ ನಮ್ಮ ಗಿಣ್ಣಿನಲ್ಲೂ ಹೆಚ್ಚಾಗಿ ಸಿಕ್ಕವು. ಮುಪ್ಪು ಎನ್ನುವುದು ಒಂದೇ ಕಾಲಿನಲ್ಲಿ ಮೂರು ಕಡೆ ಮೂರು ತರ ಇರಬಲ್ಲದು.

ವಯಸ್ಸೇ ಆಗದವರಿಗೂ ಕೀಲು ಕೆಟ್ಟ ಕಥೆ ನಮ್ಮ ಮಲೆನಾಡಿನದು. ಸಾಗರ ತಾಲ್ಲೂಕಿನ ಹಂದಿಗೋಡಿನ ಹೆಸರು 1970ರ ದಶಕದ ನಡುವಿನಲ್ಲಿ ವೈದ್ಯಲೋಕಕ್ಕೆ ತಿಳಿದದ್ದು ಇದರಿಂದಲೇ. ಕೂಲಿ ಮಾಡಿ ಬದುಕುವ ಕೆಲವು ಕುಟುಂಬಗಳಲ್ಲಿ ಎಳೆಯ ಪ್ರಾಯದಲ್ಲೇ ಸೊಂಟ, ಮಂಡಿ ಹಿಡಿದುಕೊಂಡು, ಬಾಗಿ ಕೋಲೂರಿ ನಡೆಯುವ ಸ್ಥಿತಿ. ಗದ್ದೆಯ ಏಡಿ ತಿಂದದ್ದರಿಂದ ಕೀಟನಾಶಕ ಮೈಸೇರಿದೆ ಎಂದು ಮೊದಲು ಶಂಕಿಸಿದರು. ಆಮೇಲೆ ತಿಳಿದದ್ದು ಇದು ತಂದೆಯಿಂದಲೋ ತಾಯಿಯಿಂದಲೋ ಇಳಿದು ಬರುವ ವಂಶವಾಹಿ ದೋಷ, ಬೆಳೆಯುವ ಎಲುಬಿನ ತುದಿಯೇ ಸರಿಯಾಗಿ ರೂಪುಗೊಳ್ಳದೆ ಕೀಲು ಬೇಗ ಹಾಳಾಗುತ್ತದೆ ಎಂದು. ಎಪ್ಪತ್ತು ವರ್ಷ ಬೇಕಿಲ್ಲ, ಬಟ್ಟೆಯ ನೇಯ್ಗೆಯಲ್ಲಿ ಮೊದಲೇ ಎಡವಟ್ಟಾಗಿದ್ದರೆ ಇಪ್ಪತ್ತು ಸಾಕು. ಕಬಡ್ಡಿಯಲ್ಲೋ ಫುಟ್‌ಬಾಲಿನಲ್ಲೋ ಮಂಡಿಯ ಲಿಗಮೆಂಟು ಹರಿದುಕೊಂಡ ಹುಡುಗರ ಕಥೆಯೂ ಇದರ ಆಸುಪಾಸಿನದು. ಅವರಲ್ಲಿ ಹೆಚ್ಚುಕಡಿಮೆ ಅರ್ಧ ಜನಕ್ಕೆ ಹತ್ತಿಪ್ಪತ್ತು ವರ್ಷದಲ್ಲಿ ಅದೇ ಕಾಯಿಲೆ.

ಹಾಗಾದರೆ ವಯಸ್ಸಿಗೂ ಕಾಯಿಲೆಗೂ ಇರುವ ನಂಟು ಎಂಥದು? ಮತ್ತೆ ಹಾಸಿಗೆಗೇ ಬರೋಣ. ವಯಸ್ಸಾದ ಮೃದ್ವಸ್ಥಿಯಲ್ಲಿ ನೀರು ಕಡಿಮೆಯಾಗುತ್ತದೆ ಎಂದೆನಲ್ಲ. ಆಸ್ಟಿಯೋಆರ್ಥ್ರೈಟಿಸ್ ಶುರುವಾಗುವಾಗ ಉಲ್ಟಾ, ನೀರು ಹೆಚ್ಚುತ್ತದೆ. ಏಕೆಂದರೆ ಬಟ್ಟೆ ಹರಿದಿರುತ್ತದೆ, ಹತ್ತಿ ತೂತಿನಿಂದ ಉಬ್ಬಿ ಹೊರಬಂದಿರುತ್ತದೆ. ಮುದಿ ಹಾಸಿಗೆ ಚಪ್ಪಟೆಯಾಗಿರುತ್ತದೆ, ಹರಿದ ಹಾಸಿಗೆ ಉಬ್ಬಿರುತ್ತದೆ. ಎರಡೂ ಒಂದೇ ಅಲ್ಲ. ಆದರೆ ಹಳೆಯ, ಪೆಡಸಾದ ಬಟ್ಟೆ ಹೊಸದಕ್ಕಿಂತ ಸುಲಭವಾಗಿ ಹರಿಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹರಿಯಲು ಏನೋ ಒಂದು ತಗಲಬೇಕು. ಅದು ಏರಿದ ತೂಕವಿರಬಹುದು, ಹಳೆಯ ಏಟಿರಬಹುದು, ಸೊಟ್ಟಗಾಲಿರಬಹುದು, ಬಡವಾದ ತೊಡೆಯ ಸ್ನಾಯುವಿರಬಹುದು, ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಬದಲಾವಣೆಯಿರಬಹುದು. ವಯಸ್ಸು ನೆಲ ಹದ ಮಾಡಿಡುತ್ತದೆ, ಬಿತ್ತುವವರು ಬೇರೆ.

ಒಮ್ಮೆ ಹರಿದರೆ ಆಮೇಲಿನದು ಗಾಡಿಯ ಅಚ್ಚಿನಂತೆ ಸುಮ್ಮನೆ ತೇಯುವ ವ್ಯವಹಾರವಲ್ಲ. ಒಂಟಿಯಾಗಿ ಮಲಗಿದ್ದ ಕೋಶಗಳು ಗಾಬರಿಬಿದ್ದು ಎದ್ದು, ರಿಪೇರಿಯ ಹೆಸರಿನಲ್ಲಿ ಕಿಣ್ವಗಳನ್ನು ಸುರಿಸಿ ಹತ್ತಿಯನ್ನೂ ಬಟ್ಟೆಯನ್ನೂ ಕತ್ತರಿಸತೊಡಗುತ್ತವೆ. ಚೂರುಗಳು ಕೀಲಿನ ರಸಕ್ಕೆ ಬಿದ್ದು ಕೀಲಿನ ಒಳಪೊರೆ ಕೆರಳುತ್ತದೆ. ಕೆಳಗಿನ ಎಲುಬು ಗಡುಸಾಗುತ್ತದೆ, ಅಂಚಿನಲ್ಲಿ ಮುಳ್ಳು ಬೆಳೆಯುತ್ತದೆ. ನೋವು ಹುಟ್ಟುವುದೂ ಇವುಗಳಿಂದಲೇ. ಮೃದ್ವಸ್ಥಿಗೆ ನರವೇ ಇಲ್ಲವಲ್ಲ, ಅದಕ್ಕೆ ನೋಯಲು ಬರುವುದಿಲ್ಲ. ಆದ್ದರಿಂದಲೇ ಎಕ್ಸ್‌ರೇಯಲ್ಲಿ ಗ್ಯಾಪೇ ಇಲ್ಲದವರು ಗದ್ದೆಯ ಬದುವಿನ ಮೇಲೆ ಆರಾಮವಾಗಿ ನಡೆಯುವುದುಂಟು, ಗ್ಯಾಪ್ ಚೆನ್ನಾಗಿರುವವರು ಮೆಟ್ಟಿಲಿಳಿಯುವಾಗ ಅಯ್ಯೋ ಎನ್ನುವುದುಂಟು.

ಹೆಚ್ಚು ನಡೆದವರಿಗೇ ಹೆಚ್ಚು ಕಾಯಿಲೆ ಎನ್ನುವುದಾದರೆ ನಮ್ಮ ಪೂರ್ವಿಕರೆಲ್ಲ ಕುಂಟಬೇಕಿತ್ತು. ಹಾರ್ವರ್ಡ್‌ನ ಇಯಾನ್ ವ್ಯಾಲೇಸ್, ಡೇನಿಯಲ್ ಲೀಬರ್‌ಮನ್ ಮತ್ತು ಸಂಗಡಿಗರು ಐವತ್ತು ದಾಟಿ ಸತ್ತ 2,000ಕ್ಕೂ ಹೆಚ್ಚು ಜನರ ಅಸ್ಥಿಪಂಜರ ತೆಗೆದುಕೊಂಡು, ಮಂಡಿಯಲ್ಲಿ ಎಲುಬಿಗೆ ಎಲುಬು ಉಜ್ಜಿ ದಂತದಂತೆ ಹೊಳಪೇರಿದ ಗುರುತನ್ನು ಹುಡುಕಿದರು. ಬೇಟೆಯಾಡಿ, ಗೆಡ್ಡೆ ಅಗೆದು, ಹೊಲ ಮಾಡಿ ಬದುಕಿದ್ದ ಪ್ರಾಚೀನ ಅಮೆರಿಕದವರಲ್ಲಿ ನೂರಕ್ಕೆ 8, ಸುಮಾರು ನೂರು ವರ್ಷ ಹಿಂದಿನ ನಗರವಾಸಿಗಳಲ್ಲಿ 6, ಇತ್ತೀಚಿನವರಲ್ಲಿ 16. ವಯಸ್ಸನ್ನೂ ಮೈತೂಕವನ್ನೂ ಲೆಕ್ಕದಿಂದ ಕಳೆದ ಮೇಲೂ ಇಪ್ಪತ್ತನೆಯ ಶತಮಾನದ ನಡುವಿನಿಂದೀಚೆಗೆ ಕಾಯಿಲೆ ಎರಡು ಪಟ್ಟಾಗಿರುವುದು ಹಾಗೇ ಉಳಿಯಿತು. ಎಲ್ಲವೂ ಮುಪ್ಪಿನ ಹಣೆಬರಹ ಎನ್ನುವ ಮಾತು ಈ ಎಲುಬುಗಳ ಮುಂದೆ ನಿಲ್ಲದು. ನಮ್ಮಲ್ಲೂ ಇದೇನು ಕಡಿಮೆಯಿಲ್ಲ. ಬೆಂಗಳೂರೂ ಸೇರಿದಂತೆ ದೇಶದ ಐದು ಕಡೆ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ನೂರಕ್ಕೆ 28.7 ಮಂದಿಯಲ್ಲಿ ಮಂಡಿಯ ಆಸ್ಟಿಯೋಆರ್ಥ್ರೈಟಿಸ್ ಕಂಡುಬಂದಿತ್ತು.

ಗಾಡಿಯ ಅಚ್ಚಿಗೂ ಮಂಡಿಗೂ ಇರುವ ದೊಡ್ಡ ವ್ಯತ್ಯಾಸ ಊಟದ್ದು. ರಕ್ತನಾಳವಿಲ್ಲದ ಮೃದ್ವಸ್ಥಿಗೆ ಊಟ ಬರುವುದು ಕೀಲಿನ ರಸದಿಂದ. ಕಾಲೂರಿದಾಗ ಒದ್ದೆ ಸ್ಪಂಜಿನಂತೆ ಹಿಂಡಿಕೊಳ್ಳುತ್ತದೆ, ಕಾಲೆತ್ತಿದಾಗ ರಸ ಹೀರಿಕೊಳ್ಳುತ್ತದೆ. ನಡಿಗೆಯೇ ಅದಕ್ಕೆ ಕೈತುತ್ತು. ಬೆನ್ನುಹುರಿಗೆ ಪೆಟ್ಟಾಗಿ ಕಾಲು ಊರಲಾಗದವರಲ್ಲಿ ಮಂಡಿಯ ಮೃದ್ವಸ್ಥಿ ತಿಂಗಳುಗಳಲ್ಲೇ ತೆಳುವಾಗುತ್ತದೆ. ಖುಷಿಗಾಗಿ ಓಡುವವರು, ಪೈಪೋಟಿಗೆ ಓಡುವವರು, ಓಡದೆ ಕೂತವರು, ಇವರ ಬಗ್ಗೆ ನಡೆದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ 2017ರಲ್ಲಿ ನೋಡಿದಾಗ ಮಂಡಿ ಮತ್ತು ಸೊಂಟದ ಆಸ್ಟಿಯೋಆರ್ಥ್ರೈಟಿಸ್ ಖುಷಿಯ ಓಟಗಾರರಲ್ಲಿ ನೂರಕ್ಕೆ 3.5, ಕೂತವರಲ್ಲಿ 10.2, ಪೈಪೋಟಿಯವರಲ್ಲಿ 13.3 ಎಂದಾಯಿತು. ಕೀಲು ಕೆಟ್ಟವರು ಓಡುವುದನ್ನು ಬಿಟ್ಟಿರುತ್ತಾರೆ, ಹಾಗಾಗಿ ಈ ಅಂಕಿಯನ್ನು ಅಕ್ಷರಶಃ ಹಿಡಿಯಬಾರದು. ಓಡಿದರೆ ಮಂಡಿ ತೇದುಹೋಗುತ್ತದೆ ಎಂಬ ವಾದಕ್ಕೆ ಮಾತ್ರ ಇಲ್ಲಿ ಆಸರೆಯಿಲ್ಲ.

ಎಲ್ಲ ಭಾರವೂ ಒಳ್ಳೆಯದೆಂದಲ್ಲ. ಯೌವನದಲ್ಲಿ ದಿನಕ್ಕೆ ಗಂಟೆಗಟ್ಟಲೆ ಕುಕ್ಕರುಗಾಲಿನಲ್ಲಿ ಕೂತವರಲ್ಲಿ ಮಂಡಿಯ ತೊಂದರೆ ಹೆಚ್ಚೆಂದು ಬೀಜಿಂಗ್‌ನ ಅಧ್ಯಯನವೊಂದು ತೋರಿಸಿತ್ತು. ನಾಟಿ, ಕಳೆ, ಕಲ್ಲು ಕೆಲಸದ ಹೆಂಗಸರಿಗೆ ಇದನ್ನು ಬೀಜಿಂಗ್‌ನವರು ಹೇಳಬೇಕಿಲ್ಲ. ತೂಕದ ಲೆಕ್ಕ ಇನ್ನೂ ನೇರ. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಇಳಿಯುತ್ತದೆ. ಇನ್ನು ಮೆಡಿಕಲ್ ಸ್ಟೋರಿನಲ್ಲಿ ತಿಂಗಳುಗಟ್ಟಲೆ ಕೊಳ್ಳುವ ಗ್ಲುಕೋಸಮೈನ್ ಮಾತ್ರೆ: ಅಮೆರಿಕದಲ್ಲಿ 1,583 ಜನರ ಮೇಲೆ ಪರೀಕ್ಷಿಸಿ 2006ರಲ್ಲಿ ಫಲಿತಾಂಶ ಕೊಟ್ಟಾಗ, ಒಟ್ಟಾರೆಯಾಗಿ ಹುಸಿ ಮಾತ್ರೆಗಿಂತ ಮೇಲೇನೂ ಅಲ್ಲ ಎಂದು ಕಂಡಿತ್ತು. ಮಾತ್ರೆ ನುಂಗಿದ ಸಮಾಧಾನಕ್ಕೂ ಬೆಲೆ ಇರಬಹುದು, ಆದರೆ ಅಷ್ಟು ದುಡ್ಡಲ್ಲ. ಕೊನೆಯ ಹಂತ ತಲುಪಿ ರಾತ್ರಿ ನಿದ್ದೆಗೆಡಿಸುವ ಮಂಡಿಗೆ ಕೀಲು ಬದಲಿಸುವ ಆಪರೇಷನ್ ಒಳ್ಳೆಯ ದಾರಿಯೇ. ದೊಡ್ಡಮ್ಮನದು ಆ ಹಂತದ್ದಲ್ಲ.

ಇದನ್ನೆಲ್ಲ ಅವರಿಗೆ ಒಂದೇ ಸಲ ಹೇಳಲಿಲ್ಲ, ಹೇಳಿದರೆ ಕೇಳುವವರೂ ಅಲ್ಲ. ಫಿಸಿಯೋಥೆರಪಿಯ ಹುಡುಗಿಯೊಬ್ಬಳು ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದನ್ನು ಕಲಿಸಿ ಹೋದಳು. ಮೊದಲ ವಾರ ಮೂರಕ್ಕೆ ಸುಸ್ತು. ಈಗ ಬೆಳಿಗ್ಗೆ ಬೇಳೆ ಬೇಯಲಿಟ್ಟು ಅಡುಗೆಮನೆಯ ಪ್ಲಾಸ್ಟಿಕ್ ಕುರ್ಚಿಯ ಮುಂದೆ ನಿಲ್ಲುತ್ತಾರೆ, ಕುಕ್ಕರ್ ಮೂರು ಸಲ ಕೂಗುವುದರೊಳಗೆ ಹತ್ತು. ಗುಡಿಗೆ ಹೋಗುವಾಗ ನಡಿಗೆ, ಬರುವಾಗ ಇನ್ನೂ ಆಟೋ. ಮೆಟ್ಟಿಲಿಳಿಯುವಾಗ ಈಗಲೂ ಕಂಬಿ ಹಿಡಿದು "ರಾಮಾ" ಎನ್ನುತ್ತಾರೆ. ಹೋದ ಭಾನುವಾರ ಮಹಡಿಯ ಮೇಲೆ ಹಳೇ ಪಂಚೆ ಹಾಸಿ ಹಪ್ಪಳ ಒಣಗಿಸಿದ್ದರು. ಗಾಳಿಗೆ ಹಾರದಿರಲೆಂದು ಪಂಚೆಯ ಮೂರು ಮೂಲೆಗೆ ಕಲ್ಲಿಟ್ಟು, ನಾಲ್ಕನೆಯದರ ಮೇಲೆ ಆ ಎಕ್ಸ್‌ರೇ ಹಾಳೆಯ ದೊಡ್ಡ ಕವರನ್ನು ಮಡಿಸಿ, ಅದರ ಮೇಲೊಂದು ಇಟ್ಟಿಗೆ ಹೇರಿದ್ದರು.